ಗಾನಯೋಗಿ ಪಂಚಾಕ್ಷರ ಗವಾಯಿಗಳು

ಚಲನಚಿತ್ರದ ಹಾಡಿಗೆ ಒಂದು ವಿಶೇಷ ಗುಣವಿದೆ. ಚಿತ್ರವನ್ನು ನೋಡಿದವರು ಕಥೆಯನ್ನು ಮರೆತರೂ ಹಾಡನ್ನು ಮರೆಯುವುದಿಲ್ಲ. ಹೊಲದಲ್ಲಿ ಕಳೆ ತೆಗೆಯುವವರ, ಮಗ್ಗದ ಮುಂದೆ ಕುಳಿತವರ, ತೊಟ್ಟಿಲು ತೂಗುವವರ ಬಾಯಲ್ಲಿ ಅದು ಮತ್ತೆ ಮತ್ತೆ ಹುಟ್ಟುತ್ತದೆ. ಕಾಲ ಕಳೆದಂತೆ ಅದು ಚಿತ್ರಕ್ಕೆ ಸೇರಿದ್ದೆಂಬ ನೆನಪು ಮಸುಕಾಗಿ, ಕೇಳಿದವನ ಬಾಳಿಗೇ ಸೇರಿದ್ದಾಗಿಬಿಡುತ್ತದೆ. ಒಬ್ಬನಿಗೆ ಅದು ತಾಯಿಯ ನೆನಪನ್ನು ತಂದರೆ, ಮತ್ತೊಬ್ಬನಿಗೆ ಊರ ಜಾತ್ರೆಯ ಇರುಳನ್ನು ತರುತ್ತದೆ. ಹಾಡು ಒಂದೇ, ಅದನ್ನು ತುಂಬಿಕೊಂಡ ಹೃದಯಗಳು ಹಲವು.

ನಮ್ಮ ಶಾಸ್ತ್ರೀಯ ಸಂಗೀತವೂ ಚಲನಚಿತ್ರದ ಮೂಲಕ ಸಾಮಾನ್ಯ ಜನರ ಮನೆಯನ್ನು ಹೊಕ್ಕಿದೆ. 1952ರ ‘ಬೈಜು ಬಾವರಾ’ ಎಂಬ ಹಿಂದಿ ಚಿತ್ರಕ್ಕೆ ಉಸ್ತಾದ್ ಅಮೀರ್ ಖಾನರೂ ಪಂಡಿತ ಡಿ.ವಿ. ಪಲುಸ್ಕರರೂ ಹಾಡಿದರು. ಗದಗ ಸೀಮೆಯಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು 1956ರ ‘ಬಸಂತ್ ಬಹಾರ್’ ಚಿತ್ರಕ್ಕೂ, ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ ‘ಸಂಧ್ಯಾರಾಗ’ ಎಂಬ ಕನ್ನಡ ಚಿತ್ರಕ್ಕೂ ತಮ್ಮ ಕಂಠವನ್ನು ನೀಡಿದರು. ಸಭಾಂಗಣದ ಹೊಸ್ತಿಲನ್ನು ಎಂದೂ ತುಳಿಯದಿದ್ದ ಎಷ್ಟೋ ಜನ ರಾಗದ ಸವಿಯನ್ನು ಮೊದಲು ಅರಿತದ್ದು ಇಂಥ ಚಿತ್ರಗಳಿಂದಲೇ.

ಈ ಸಾಲಿಗೆ 1995ರಲ್ಲಿ ಇನ್ನೊಂದು ಕನ್ನಡ ಚಿತ್ರ ಸೇರಿತು. ಅದರ ಹೆಸರು ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ನಾಡಿನ ಇತರೆಡೆಯ ಜನರಿಗೆ ಅದರ ಹಾಡುಗಳು ಇಂಪಾದ ಹಾಡುಗಳು. ಆದರೆ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜನರಿಗೆ ಅವು ಅಷ್ಟು ಮಾತ್ರವಲ್ಲ. ತಮ್ಮ ನಾಡಿನ ಮೇಲಿರುವ ಒಂದು ಋಣದ ನೆನಪು. ಆ ಋಣ ಯಾವುದೆಂಬುದನ್ನು ತಿಳಿಯಬೇಕಾದರೆ ಹಾಡಿನ ಹಿಂದಿರುವ ಬಾಳನ್ನು ತಿಳಿಯಬೇಕು.

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಊರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಅದು ಇಂದು ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿಯ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳ ಮಗನಾಗಿ 1892ನೆಯ ಫೆಬ್ರವರಿ 2ರಂದು ಗದಿಗೆಯ್ಯ ಹುಟ್ಟಿದನು. ಮಗುವಿನ ಕಣ್ಣಿಗೆ ಬೆಳಕಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಹೀಗಾದಾಗ ಹೆತ್ತವರ ಸಂಕಟ ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂದಿನ ಸಮಾಜದಲ್ಲಿ ಬಡವರ ಮನೆಯ ಅಂಧ ಮಗುವಿನ ಮುಂದೆ ಬಹುಮಟ್ಟಿಗೆ ಇದ್ದುದು ಒಂದೇ ದಾರಿ. ಅದು ಭಿಕ್ಷೆಯ ದಾರಿ. ಆದರೆ ಈ ಸಹೋದರರಿಗೆ ಕಣ್ಣಿಲ್ಲದಿದ್ದರೂ ಕಂಠವಿದ್ದಿತು. ಕೇಳಿದ್ದನ್ನು ಹಾಗೆಯೇ ಹಿಡಿದಿಡುವ ಕಿವಿಯೂ ಇದ್ದಿತು.

ಆ ಕಂಠದ ಬೆಲೆಯನ್ನು ಅರಿತವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ಬಾದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ಬಾಲಕರ ಹಾಡನ್ನು ಕೇಳಿ ಮೆಚ್ಚಿದ ಸ್ವಾಮಿಗಳು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಅನ್ನವನ್ನು ಕೊಟ್ಟು ಸುಮ್ಮನಾಗಿದ್ದರೆ ಅದು ಒಂದು ದಿನದ ಉಪಕಾರವಾಗುತ್ತಿತ್ತು. ವಿದ್ಯೆಯನ್ನು ಕೊಡಿಸಿದ್ದರಿಂದ ಅದು ತಲೆಮಾರುಗಳ ಉಪಕಾರವಾಯಿತು.

ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು. ತರುವಾಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಮಿರಜಿನ ನೀಲಕಂಠ ಬುವಾ ಅವರಿಂದಲೂ ಹಿಂದೂಸ್ತಾನಿ ಸಂಗೀತವನ್ನು ಕಲಿತನು. ದಕ್ಷಿಣದ ಪದ್ಧತಿ ಬೇರೆ, ಉತ್ತರದ ಪದ್ಧತಿ ಬೇರೆ. ಒಂದರಲ್ಲಿ ನುರಿಯುವುದಕ್ಕೇ ಒಂದು ಆಯುಷ್ಯ ಸಾಲದೆನ್ನುವಾಗ, ಎರಡನ್ನೂ ಬರೆಹದ ನೆರವಿಲ್ಲದೆ ಕಿವಿಯೊಂದರಿಂದಲೇ ಸಾಧಿಸಿದ ಶ್ರಮವನ್ನು ನಾವು ಊಹಿಸಿಕೊಳ್ಳಬೇಕು. ಗಾಯನದ ಜೊತೆಗೆ ತಬಲಾವಾದನವೂ ಅವನಿಗೆ ಕೈವಶವಾಯಿತು. ಹೀಗೆ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನು ಪಂಚಾಕ್ಷರ ಗವಾಯಿಗಳೆಂದು ಹೆಸರಾದನು.

ಇಷ್ಟು ವಿದ್ಯೆಯುಳ್ಳವರು ರಾಜರ ಆಶ್ರಯವನ್ನು ಬಯಸಬಹುದಾಗಿತ್ತು. ನಗರಗಳಲ್ಲಿ ನೆಲೆಸಿ ಕೀರ್ತಿಯನ್ನೂ ಹಣವನ್ನೂ ಗಳಿಸಬಹುದಾಗಿತ್ತು. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದೆ ಹುಟ್ಟಿದ, ತಂದೆತಾಯಿಗಳಿಲ್ಲದ, ಹೊಟ್ಟೆಗಿಲ್ಲದ ಮಕ್ಕಳು ನಾಡಿನ ತುಂಬ ಇದ್ದರು. ತಮಗೆ ಕುಮಾರ ಸ್ವಾಮಿಗಳು ಏನಾಗಿದ್ದರೋ, ಆ ಮಕ್ಕಳಿಗೆ ತಾವು ಅದಾಗಬೇಕೆಂದು ಅವರು ಸಂಕಲ್ಪ ಮಾಡಿದರು. ಬ್ರಹ್ಮಚರ್ಯದಲ್ಲಿಯೇ ಉಳಿದು ಬಾಳನ್ನೆಲ್ಲ ಅದಕ್ಕೆ ಮುಡಿಪಿಟ್ಟರು.

ಅವರು ನಡೆಸಿದ್ದು ಸಂಚಾರಿ ಸಂಗೀತ ಪಾಠಶಾಲೆ. ಅದಕ್ಕೆ ಗೋಡೆಗಳಿರಲಿಲ್ಲ. ಗುರು ಶಿಷ್ಯರೆಲ್ಲರೂ ಊರಿಂದ ಊರಿಗೆ ಹೋಗುವರು. ತಂಗಿದಲ್ಲಿಯೇ ಶಾಲೆ, ಅಲ್ಲಿಯೇ ಮನೆ. ತಂಬೂರಿ, ಹಾರ್ಮೋನಿಯಂ, ತಬಲಾಗಳೇ ಅದರ ಆಸ್ತಿ. ಕಲಿಯುವವರಿಂದ ಶುಲ್ಕವಿಲ್ಲ. ಊಟ, ಬಟ್ಟೆ, ಪಾಠಗಳೆಲ್ಲವೂ ಗುರುಗಳ ಹೊಣೆ. ಇಷ್ಟು ಜನರಿಗೆ ದಿನವೂ ಎರಡು ಹೊತ್ತಿನ ರೊಟ್ಟಿಯನ್ನು ಒದಗಿಸುವುದು ಸಾಮಾನ್ಯ ಕೆಲಸವಲ್ಲ. ಮಳೆ ಕೈಕೊಟ್ಟ ವರ್ಷ ಕೊಡುವ ಕೈಗಳೂ ಬರಿದಾಗಿರುತ್ತಿದ್ದವು. ಆದರೂ ಗವಾಯಿಗಳು ಭಕ್ತರ ಮುಂದೆ ಜೋಳಿಗೆಯೊಡ್ಡಲು ನಾಚಲಿಲ್ಲ. ಅಂಧರಿಗೆ ಭಿಕ್ಷೆಯೇ ಗತಿಯೆಂದು ಲೋಕ ತಿಳಿದಿದ್ದ ಕಾಲದಲ್ಲಿ, ಮುಂದೆ ಯಾವ ಅಂಧನೂ ಬೇಡಬಾರದೆಂದು ಅವರು ತಾವೇ ಬೇಡಿದರು. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಈ ಭಾರ ಇನ್ನಷ್ಟು ಹೆಚ್ಚಿತು. ಗವಾಯಿಗಳು ಅದನ್ನು ಕೆಳಗಿಳಿಸಲಿಲ್ಲ.

ಅಂಧ ಬಾಲಕನಿಗೆ ಸಂಗೀತ ಕಲಿಸುವ ಬಗೆಯೇ ಬೇರೆ. ಸ್ವರಗಳನ್ನು ಬರೆದು ತೋರಿಸುವಂತಿಲ್ಲ. ಹಾರ್ಮೋನಿಯಂನ ಮನೆಗಳ ಮೇಲೆ, ತಬಲಾದ ಬಾಯಿಯ ಮೇಲೆ ಶಿಷ್ಯನ ಬೆರಳನ್ನು ಹಿಡಿದಿಟ್ಟು ಕಲಿಸಬೇಕು. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು. ತಪ್ಪಿದರೆ ಮತ್ತೆ ಹಾಡಬೇಕು. ಅದು ಕಿವಿಯಲ್ಲಿ ನಿಲ್ಲುವವರೆಗೂ ಹಾಡಬೇಕು. ಇದಕ್ಕೆ ವಿದ್ಯೆಗಿಂತ ಹೆಚ್ಚಾಗಿ ತಾಳ್ಮೆ ಬೇಕು. ಸ್ವತಃ ಕತ್ತಲೆಯಲ್ಲಿ ದಾರಿ ಕಂಡುಕೊಂಡಿದ್ದ ಗವಾಯಿಗಳಿಗೆ ಶಿಷ್ಯರು ಎಲ್ಲಿ ಎಡವುವರೆಂಬುದು ಚೆನ್ನಾಗಿ ಗೊತ್ತಿತ್ತು.

ಅವರ ಶಿಷ್ಯರೆಲ್ಲರೂ ಅಂಧರೇ ಆಗಿರಲಿಲ್ಲ. ಬಡತನದಲ್ಲಿದ್ದ ಪ್ರತಿಭಾವಂತರನ್ನೂ ಅವರು ಬರಮಾಡಿಕೊಂಡರು. ಧಾರವಾಡ ಸೀಮೆಯ ಯಲಿವಾಳದಲ್ಲಿ 1917ರಲ್ಲಿ ಜನಿಸಿದ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಅವರ ನೆರಳಿನಲ್ಲಿ ಬೆಳೆದು ನಾಡಿಗೆ ಕೀರ್ತಿ ತಂದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಆ ಮಹಾಸಭೆಯಲ್ಲಿ ತರುಣ ಬಸವರಾಜ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ಸಾಥಿಗೆ ಕುಳಿತವರು ಬೇರೆ ಯಾರೂ ಅಲ್ಲ. ಗುರುಗಳಾದ ಪಂಚಾಕ್ಷರ ಗವಾಯಿಗಳೇ. ಸಭೆಯ ನಡುವೆ ತಾನು ಹಾಡಿ ಮೆಚ್ಚುಗೆ ಪಡೆಯುವುದಕ್ಕಿಂತ ಶಿಷ್ಯನ ಹಾಡಿಗೆ ತಾಳವಾಗುವುದು ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಅವರ ಗುರುತ್ವವೆಲ್ಲ ಈ ಒಂದು ಪ್ರಸಂಗದಲ್ಲಿ ಅಡಗಿದೆ.

ಶಿಷ್ಯರಲ್ಲಿ ಗುರುವಿನ ಹೃದಯಕ್ಕೆ ಅತ್ಯಂತ ಹತ್ತಿರವಾದವರು ಪುಟ್ಟರಾಜ ಗವಾಯಿಗಳು. ಹಾವೇರಿಯ ಬಳಿಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟಯ್ಯನು ಕೂಸಾಗಿದ್ದಾಗಲೇ ಕಣ್ಣುಗಳನ್ನೂ ತಂದೆತಾಯಿಗಳನ್ನೂ ಕಳೆದುಕೊಂಡನು. ಸೋದರಮಾವನ ಆಶ್ರಯದಲ್ಲಿದ್ದ ಆ ಬಾಲಕನನ್ನು ಪಂಚಾಕ್ಷರ ಗವಾಯಿಗಳು ಮಗನಂತೆ ಸಲಹಿ, ಹಾಡನ್ನೂ ವಾದ್ಯಗಳನ್ನೂ ಕಲಿಸಿ, ತಮ್ಮ ಕಾರ್ಯಕ್ಕೆ ಉತ್ತರಾಧಿಕಾರಿಯಾಗುವಂತೆ ರೂಪಿಸಿದರು.

ವರ್ಷಗಟ್ಟಲೆ ಅಲೆದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರೀಗಿಡದ ವೀರಪ್ಪನವರ ಔದಾರ್ಯದಿಂದ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ಇಲ್ಲಿ ನೆಲೆಗೊಂಡಿತು. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದ ಊರಿಗೆ ಹೀಗೆ ಮತ್ತೊಂದು ನಾದದ ಮನೆ ಸೇರಿತು. ಆದರೆ ಆ ಮನೆಯಲ್ಲಿ ಗವಾಯಿಗಳು ಬಹುಕಾಲ ಬಾಳಲಿಲ್ಲ. 1944ನೆಯ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಬಾಳಿನ ಬಹುಭಾಗವನ್ನು ಸಂಚಾರದಲ್ಲಿ ಕಳೆದು ಮಕ್ಕಳಿಗಾಗಿ ಒಂದು ಸೂರನ್ನು ಅರಸಿದವರು, ಆ ಸೂರಿನಡಿ ಇದ್ದುದು ಎರಡೇ ವರ್ಷ.

ಗುರುವಿನೊಡನೆ ಅವರ ಕಾರ್ಯ ನಿಲ್ಲಲಿಲ್ಲ. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರಂದು ಅಗಲುವವರೆಗೂ, ಅರವತ್ತಾರು ವರ್ಷಗಳ ಕಾಲ ಆಶ್ರಮವನ್ನು ನಡೆಸಿದರು. ಗುರುವಿನ ಹೆಸರಿನಲ್ಲಿ ನಾಟಕ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕಗಳನ್ನಾಡಿಸಿ, ಬಂದ ಹಣದಿಂದ ಮಕ್ಕಳಿಗೆ ಊಟವಿಕ್ಕಿದರು. ಭಾರತ ಸರಕಾರ 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. ಆಶ್ರಮದಲ್ಲಿ ಕಲಿತವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದರು. ಪುರಾಣ ಪ್ರವಚನಗಳಿಗೆ ಹಾಡಿದರು. ಬೇಡಿ ಬದುಕಬೇಕಾಗಿದ್ದ ಕೈಗಳು ದುಡಿದು ಸಂಸಾರವನ್ನು ಸಾಕಿದವು.

ಇಂಥ ಬಾಳನ್ನು ಚಿತ್ರವಾಗಿಸಲು ಮುಂದೆ ಬಂದವರು ಚಿಂದೋಡಿ ಬಂಗಾರೇಶ್. ದಾವಣಗೆರೆಯ ಪ್ರಸಿದ್ಧ ವೃತ್ತಿರಂಗಭೂಮಿಯ ಮನೆತನದವರಾದ ಅವರು ಆ ಚಿತ್ರವನ್ನು ನಿರ್ದೇಶಿಸಿದರು. ಸಂಗೀತ ನೀಡಿದವರು ಹಂಸಲೇಖ. ಅದುವರೆಗೆ ಲಘುಗೀತೆಗಳಿಂದ ಮನೆಮಾತಾಗಿದ್ದ ಅವರಿಗೆ ಇದು ದೊಡ್ಡ ಪರೀಕ್ಷೆಯಾಗಿತ್ತು. ಈ ಚಿತ್ರಕ್ಕಾಗಿ ಅವರು 1995ನೆಯ ಸಾಲಿನ ಅತ್ಯುತ್ತಮ ಸಂಗೀತ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಇದೇ ಚಿತ್ರದಲ್ಲಿ ಮಳೆಮೋಡಗಳ ಗರ್ಜನೆಯನ್ನು ವರ್ಣಿಸುವ ಹಿಂದೂಸ್ತಾನಿ ಶೈಲಿಯ ಗೀತೆಯನ್ನು ಹಾಡಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯನ್ನು ಗಳಿಸಿದರು. ನಾಲ್ಕು ಭಾಷೆಗಳ ಚಿತ್ರಗಳಿಗಾಗಿ ಅವರಿಗೆ ದೊರೆತ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡ ಚಿತ್ರದಿಂದ ಬಂದುದು ಇದೊಂದೇ.

ಬಾಲಸುಬ್ರಹ್ಮಣ್ಯಂ ಅವರು ಶಾಸ್ತ್ರೀಯ ಸಂಗೀತವನ್ನು ಗುರುವಿನ ಬಳಿ ಕ್ರಮವಾಗಿ ಕಲಿತವರಲ್ಲ. ಕೇಳಿ ಗ್ರಹಿಸುವುದೇ ಅವರ ವಿದ್ಯೆ. ಕೇಳುವಿಕೆಯಿಂದಲೇ ಅಂಧ ಬಾಲಕರನ್ನು ಗಾಯಕರನ್ನಾಗಿ ಮಾಡಿದ ಗುರುವಿನ ಚಿತ್ರಕ್ಕೆ ಅಂಥ ಕಂಠ ಒದಗಿದ್ದು ಉಚಿತವೇ ಆಯಿತು. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಪಂಚಾಕ್ಷರ ಗವಾಯಿಗಳು ಮೋಡವನ್ನು ಎಂದೂ ಕಂಡವರಲ್ಲ. ಗುಡುಗನ್ನು ಕೇಳಿ, ಮಣ್ಣಿನ ವಾಸನೆಯನ್ನು ಅರಿತು, ಮಲ್ಹಾರ ರಾಗದಲ್ಲಿ ಮಳೆಗಾಲವನ್ನು ಕಾಣುವುದಷ್ಟೇ ಅವರ ಪಾಲಿಗೆ ಇದ್ದಿತು. ಮುಗಿಲನ್ನು ನಂಬಿ ಬಿತ್ತುವ ಗದಗ ಸೀಮೆಯ ಎರೆಹೊಲದ ರೈತನಿಗೆ ಆ ಗೀತೆ ಬರಿಯ ರಾಗವಾಗಿ ಕೇಳಿಸುವುದಿಲ್ಲ. ತನ್ನ ಹೊಲದ ಮೇಲಿನ ಮೋಡವಾಗಿ ಕೇಳಿಸುತ್ತದೆ.

ಹೀಗೆ ಒಂದೇ ಚಿತ್ರದ ಹಾಡುಗಳು ಒಬ್ಬೊಬ್ಬರಲ್ಲಿ ಒಂದೊಂದು ನೆನಪನ್ನು ಎಬ್ಬಿಸುತ್ತವೆ. ಬೆಟಗೇರಿಯ ನೇಕಾರನಿಗೆ ಅವು ಮಗ್ಗದ ಸದ್ದಿನ ನಡುವೆ ರೇಡಿಯೋದಲ್ಲಿ ಕೇಳಿದ ಹಾಡುಗಳು. ಲಕ್ಷ್ಮೇಶ್ವರದ ಹಿರಿಯನಿಗೆ, ತನಗೆ ಸ್ವರ ಹೇಳಿಕೊಟ್ಟ ಆಶ್ರಮದ ಮಾಸ್ತರರ ನೆನಪು. ಶಿರಹಟ್ಟಿಯ ಗೃಹಿಣಿಗೆ, ಪುಟ್ಟರಾಜ ಗವಾಯಿಗಳ ಕಂಪನಿಯ ನಾಟಕವನ್ನು ತಾಯಿಯ ಮಡಿಲಲ್ಲಿ ಕುಳಿತು ನೋಡಿದ ರಾತ್ರಿ. ಮುಂಡರಗಿಯ ಯಾವುದೋ ಹಳ್ಳಿಯ ತಂದೆಗೆ, ಕಣ್ಣಿಲ್ಲದ ಮಗನ ಕೈಹಿಡಿದು ಆಶ್ರಮದ ಬಾಗಿಲಿಗೆ ಬಂದ ದಿನ. ಚಿತ್ರದವರು ಅವರ ಯಾರ ಕಥೆಯನ್ನೂ ಬಲ್ಲವರಲ್ಲ. ಆದರೂ ಹಾಡು ಅವರೆಲ್ಲರ ಕಥೆಯನ್ನೂ ಹೇಳುತ್ತದೆ.

ಚಿತ್ರ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಹಿಂದಿರುವ ಬಾಳು ನಡೆದುದು ಅಷ್ಟು ಬೇಗನೆ ಅಲ್ಲ. ಒಂದೊಂದು ಸ್ವರವನ್ನು ನೂರು ಬಾರಿ ಹೇಳಿಕೊಟ್ಟು, ಒಂದೊಂದು ಹೊತ್ತಿನ ಊಟಕ್ಕೆ ಹತ್ತು ಮನೆಗಳನ್ನು ನೆನೆದು, ಊರಿಂದ ಊರಿಗೆ ನಡೆದು ಕಟ್ಟಿದ ಬಾಳು ಅದು. ಹಾಡನ್ನು ಕೇಳಿ ಕಣ್ಣೀರು ಸುರಿಸುವುದು ಸುಲಭ. ಹಾಡಲು ಬಯಸುವ ಒಂದು ಬಡ ಮಗುವಿಗೆ ಎಡೆ ಮಾಡಿಕೊಡುವುದು ಕಷ್ಟ. ಕುಮಾರ ಸ್ವಾಮಿಗಳು ಆ ಕಷ್ಟವನ್ನು ಕೈಗೊಂಡುದರಿಂದ ಪಂಚಾಕ್ಷರ ಗವಾಯಿಗಳು ದೊರೆತರು. ಅವರು ಅದನ್ನೇ ಕೈಗೊಂಡುದರಿಂದ ರಾಜಗುರುಗಳೂ ಪುಟ್ಟರಾಜರೂ ಹೆಸರಿಲ್ಲದ ನೂರಾರು ಗಾಯಕರೂ ದೊರೆತರು. ಈ ಹಾಡುಗಳು ಮತ್ತೊಮ್ಮೆ ಕಿವಿಗೆ ಬಿದ್ದಾಗ ಅವುಗಳ ಇಂಪಿನೊಡನೆ ಈ ಋಣವನ್ನೂ ನಾವು ನೆನೆಯಬೇಕು. ಋಣವನ್ನು ನೆನೆದವರು ಅದನ್ನು ಮುಂದಿನವರಿಗೆ ಸಲ್ಲಿಸಿದಾಗಲೇ ಗಾನಯೋಗಿಯ ಹಾಡು ಪೂರ್ಣವಾಗುತ್ತದೆ.