ಹೊಸ್ತಿಲಿನಿಂದ ಮಣ್ಣನ್ನು ಅಳೆದ ಲೌಡರ್‌ಮಿಲ್ಕ್

ವಿದ್ಯಾರ್ಥಿಗಳೇ, ಕೆಲವರ ಹೆಸರಿಗೂ ಕೆಲಸಕ್ಕೂ ತಾನಾಗಿಯೇ ನಂಟು ಕೂಡಿಬರುತ್ತದೆ. ವಾಲ್ಟರ್ ಕ್ಲೇ ಲೌಡರ್‌ಮಿಲ್ಕ್ ಎಂಬ ಹೆಸರನ್ನೇ ನೋಡಿ. ನಡುವಿನ ‘ಕ್ಲೇ’ ಎಂಬ ಇಂಗ್ಲಿಷ್ ಪದಕ್ಕೆ ಜೇಡಿಮಣ್ಣು ಎಂದು ಅರ್ಥ. ಆ ಹೆಸರು ಹೊತ್ತವರು ತಮ್ಮ ಬದುಕಿನ ಬಹುಭಾಗವನ್ನು ಮಣ್ಣು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹುಡುಕುವುದರಲ್ಲಿ ಕಳೆದರು.

ಲೌಡರ್‌ಮಿಲ್ಕ್ ಹುಟ್ಟಿದ್ದು 1888ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ. ಓದಿನಲ್ಲಿ ಜಾಣರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಅರಣ್ಯಶಾಸ್ತ್ರ ಕಲಿತರು. ಊರಿಗೆ ಮರಳಿ ಅರಣ್ಯ ಇಲಾಖೆ ಸೇರಿದರು. ಅಲ್ಲಿಯೇ ಇದ್ದಿದ್ದರೆ ಇಂದು ಅವರ ಬಗ್ಗೆ ನಾನು ಬರೆಯುತ್ತಿರಲಿಲ್ಲವೇನೋ. ಆದರೆ 1922ರಲ್ಲಿ ಪತ್ನಿ ಇನೆಜ್ ಅವರೊಂದಿಗೆ ಚೀನಾಕ್ಕೆ ಹೊರಟರು. ನಾನ್‌ಜಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದು, ಆ ದೇಶದಲ್ಲಿ ಬರಗಾಲ ಏಕೆ ಬರುತ್ತದೆ ಎಂದು ತಿಳಿಯುವುದು ಅವರ ಕೆಲಸವಾಗಿತ್ತು.

ಚೀನಾದ ಹಳದಿ ನದಿ ಹೆಸರಿಗೆ ತಕ್ಕಂತೆ ಕೆಸರಿನಿಂದ ಹಳದಿಯಾಗಿ ಹರಿಯುತ್ತದೆ. ಹೂಳು ತುಂಬಿ ತುಂಬಿ ಅದರ ತಳ ಸುತ್ತಲಿನ ಬಯಲಿಗಿಂತ ಎತ್ತರಕ್ಕೆ ಏರಿತ್ತು. ಒಡ್ಡು ಒಡೆದರೆ ಊರುಗಳೇ ಮುಳುಗುತ್ತಿದ್ದವು. ಇಷ್ಟೊಂದು ಹೂಳು ಎಲ್ಲಿಂದ ಬಂತು? ಲೌಡರ್‌ಮಿಲ್ಕ್ ನದಿಯ ಜಾಡು ಹಿಡಿದು ಬೆಟ್ಟಗಳಿಗೆ ಹೋದರು. ಅಲ್ಲಿ ಮರ ಕಡಿದು ಉತ್ತ ಇಳಿಜಾರುಗಳಲ್ಲಿ ಆಳವಾದ ಕೊರಕಲುಗಳು ಬಿದ್ದಿದ್ದವು. ಅದೇ ಬೆಟ್ಟಗಳಲ್ಲಿ ದೇವಾಲಯಗಳ ಸುತ್ತ ಜನ ಕಾಯ್ದುಕೊಂಡಿದ್ದ ಕಾಡುಗಳೂ ಇದ್ದವು. ಎರಡೂ ಕಡೆ ಮಳೆ ಒಂದೇ. ಅವರು ಎರಡು ಕಡೆಯೂ ಹರಿದುಹೋಗುವ ನೀರನ್ನು ಅಳೆದರು. ಕಾಡಿನ ನೆಲದಿಂದ ಹರಿದ ನೀರು ಬಹಳ ಕಡಿಮೆ. ಬೋಳು ನೆಲದಿಂದ ಹರಿದದ್ದು ಹೆಚ್ಚು, ಅದೂ ರಾಡಿ ನೀರು.

1927ರಲ್ಲಿ ನಾನ್‌ಜಿಂಗ್‌ನಲ್ಲಿ ಗಲಭೆ ಎದ್ದು ಅವರ ಕುಟುಂಬ ಅಮೆರಿಕಕ್ಕೆ ಮರಳಬೇಕಾಯಿತು. ಬರ್ಕ್ಲಿಯಲ್ಲಿ ಅದೇ ಪ್ರಯೋಗವನ್ನು ಮುಂದುವರಿಸಿದರು. ತರಗೆಲೆ ಹೊದ್ದ ಮಣ್ಣಿನ ಮೇಲೂ ತರಗೆಲೆ ಸುಟ್ಟು ಬೋಳಾದ ಮಣ್ಣಿನ ಮೇಲೂ ನೀರು ಸುರಿದು ನೋಡಿದರು. ಬೋಳು ಮಣ್ಣಿನ ಮೇಲೆ ನೀರು ರಾಡಿಯಾಗುತ್ತದೆ. ಆ ರಾಡಿಯ ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಇಂಗಲು ದಾರಿಯಿಲ್ಲದೆ ಹರಿದು ಹೋಗುತ್ತದೆ. ಎಲೆ ಹೊದ್ದ ಮಣ್ಣಿಗೆ ತಿಳಿನೀರು ಇಳಿಯುವುದರಿಂದ ರಂಧ್ರಗಳು ತೆರೆದೇ ಇರುತ್ತವೆ. 1929ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. 1930ರ ದಶಕದಲ್ಲಿ ಅಮೆರಿಕದ ಹೊಲಗಳ ಮಣ್ಣು ದೂಳಾಗಿ ಹಾರತೊಡಗಿದಾಗ, ಅಲ್ಲಿನ ಸರ್ಕಾರ ಮಣ್ಣಿನ ರಕ್ಷಣೆಗಾಗಿಯೇ ಒಂದು ಇಲಾಖೆ ತೆರೆಯಿತು. ಅದರ ಮುಖ್ಯಸ್ಥರು ಹ್ಯೂ ಬೆನೆಟ್. ಅವರ ನಂತರದ ಸ್ಥಾನ ಲೌಡರ್‌ಮಿಲ್ಕ್ ಅವರದು.

1938ರಲ್ಲಿ ಇಲಾಖೆ ಅವರಿಗೆ ಒಂದು ವಿಚಿತ್ರವಾದ ಕೆಲಸ ಒಪ್ಪಿಸಿತು. ಸಾವಿರಾರು ವರ್ಷ ಉಳುಮೆ ಕಂಡ ದೇಶಗಳಿಗೆ ಹೋಗಿ, ಅಲ್ಲಿನ ಮಣ್ಣಿಗೆ ಏನಾಗಿದೆ ಎಂದು ನೋಡಿ ಬರಬೇಕು! ಕುಟುಂಬವನ್ನೂ ಕರೆದುಕೊಂಡು ಕಾರಿನಲ್ಲಿ ಯುರೋಪ್, ಉತ್ತರ ಆಫ್ರಿಕ, ಪಶ್ಚಿಮ ಏಷ್ಯಾ ಸುತ್ತಿದರು. ಈ ಪ್ರವಾಸದಲ್ಲಿ ಅವರನ್ನು ಬಹುವಾಗಿ ಕಾಡಿದ್ದು ಸಿರಿಯಾ ಮತ್ತು ಲೆಬನಾನಿನ ಸುಣ್ಣಕಲ್ಲಿನ ಬೆಟ್ಟಗಳು.

ಅಲ್ಲಿಗೆ ಹೋಗುವ ಮೊದಲು ಸುಣ್ಣಕಲ್ಲಿನಿಂದ ಮಣ್ಣು ಹೇಗೆ ಆಗುತ್ತದೆ ಎಂದು ನೀವು ತಿಳಿಯಬೇಕು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಗೊತ್ತಲ್ಲವೇ? ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಆ ಚಪ್ಪಡಿಯೂ ಸುಣ್ಣಕಲ್ಲೇ. ಅದರ ಒಂದು ಚೂರನ್ನು ಪುಡಿಮಾಡಿ ನಿಂಬೆರಸ ಹಾಕಿ. ಗುಳ್ಳೆಗಳು ಏಳುತ್ತವೆ. (ಶಾಲೆಯ ನೆಲದ ಮೇಲೆ ಮಾಡಬೇಡಿ, ಕಲೆ ಉಳಿದು ಬೈಸಿಕೊಳ್ಳುತ್ತೀರಿ.) ಆಮ್ಲ ತಾಕಿದಾಗ ಕಲ್ಲು ಕರಗಿ ಇಂಗಾಲದ ಡೈ ಆಕ್ಸೈಡ್ ಹೊರಬರುವುದರಿಂದ ಹೀಗಾಗುತ್ತದೆ. ಮಳೆನೀರೂ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಬಹಳ ದುರ್ಬಲವಾದ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಿ ಹೊತ್ತೊಯ್ಯುತ್ತದೆ.

ಹಾಗಾದರೆ ಮಣ್ಣಾಗಲು ಉಳಿಯುವುದೇನು? ಕಲ್ಲಿನಲ್ಲಿ ಬೆರೆತಿದ್ದ ಸ್ವಲ್ಪ ಜೇಡಿ, ಸ್ವಲ್ಪ ಕಬ್ಬಿಣ. ಆ ಕಬ್ಬಿಣದಿಂದಲೇ ಅಲ್ಲಿನ ಮಣ್ಣಿಗೆ ಕೆಂಪು ಬಣ್ಣ. ಒಂದು ಲೆಕ್ಕ ಹಾಕೋಣ. ನೂರು ಪಾಲು ಕಲ್ಲಿನಲ್ಲಿ ತೊಂಬತ್ತೈದು ಪಾಲು ಕರಗಿ ಐದು ಪಾಲು ಉಳಿಯುತ್ತದೆ ಎಂದುಕೊಳ್ಳಿ. ಆಗ ಒಂದು ಅಡಿ ಮಣ್ಣಿಗೆ ಸುಮಾರು ಇಪ್ಪತ್ತು ಅಡಿ ದಪ್ಪದ ಬಂಡೆ ಕರಗಬೇಕು! ಸಹಾರಾದಿಂದ ಗಾಳಿ ಹೊತ್ತು ತರುವ ದೂಳೂ ಈ ಮಣ್ಣಿಗೆ ಸೇರುತ್ತದೆ ಎಂದು ಈಗ ತಿಳಿದಿದೆ. ಆದರೂ ಇದು ಸಾವಿರಾರು ವರ್ಷಗಳ ಕೆಲಸ. ಸಿರಿಯಾದ ಬೆಟ್ಟಗಳಲ್ಲಂತೂ ಮಳೆ ಹೆಚ್ಚಾಗಿ ಚಳಿಗಾಲದಲ್ಲಿ ಮಾತ್ರ, ಬೇಸಿಗೆ ಪೂರ್ತಿ ಒಣಹವೆ. ಅದರಿಂದ ಮಣ್ಣು ಹುಟ್ಟುವುದು ಇನ್ನೂ ನಿಧಾನ.

ಅಂಥ ಇಳಿಜಾರಿನ ಮಣ್ಣು ತೆಳುವಾಗಿದ್ದು, ತುಂಬ ಕಲ್ಲುಚೂರು, ಗರಸು ಇರುತ್ತದೆ. ಗರಸು ಎಂದರೆ ಕೆಟ್ಟದ್ದು ಎಂದು ತಿಳಿಯಬೇಡಿ. ನುಣ್ಣನೆಯ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಮೇಲ್ಗಡೆ ಉಳಿಯುವ ಕಲ್ಲುಚೂರುಗಳು ಒಂದು ಮುಚ್ಚಳದಂತೆ ಕೆಲಸ ಮಾಡುತ್ತವೆ. ಮಳೆಹನಿಯ ಪೆಟ್ಟು ಕಲ್ಲಿಗೆ ಬೀಳುತ್ತದೆ, ಕೆಳಗಿನ ಮಣ್ಣು ಉಳಿಯುತ್ತದೆ. ಆಲಿವ್ ಮರ, ದ್ರಾಕ್ಷಿ ಬಳ್ಳಿಗಳು ಬಂಡೆಯ ಬಿರುಕುಗಳಿಗೂ ಬೇರು ಇಳಿಸಿ ಇಂಥ ನೆಲದಲ್ಲಿ ಚೆನ್ನಾಗಿ ಬೆಳೆಯುತ್ತವೆ.

ಈಗ ಸಿರಿಯಾಕ್ಕೆ ಹೋಗೋಣ. ಆಲೆಪ್ಪೊ ಪಟ್ಟಣದ ಪಶ್ಚಿಮಕ್ಕಿರುವ ಬೆಟ್ಟಗಳಲ್ಲಿ ನೂರಾರು ಪಾಳುಬಿದ್ದ ಊರುಗಳಿವೆ. ಒಂದರಿಂದ ಏಳನೆಯ ಶತಮಾನದವರೆಗೆ ಇಲ್ಲಿನ ಜನ ಆಲಿವ್ ಎಣ್ಣೆ, ದ್ರಾಕ್ಷಾರಸ ಮಾರಿ ಸುಖವಾಗಿದ್ದರು. ಕೆತ್ತಿದ ಸುಣ್ಣಕಲ್ಲಿನ ಮನೆಗಳು, ಚರ್ಚುಗಳು ಇಂದಿಗೂ ನಿಂತಿವೆ. ಲೌಡರ್‌ಮಿಲ್ಕ್ ಆ ಮನೆಗಳ ಚೆಲುವಿಗೆ ಮಾರುಹೋಗದೆ ಬಾಗಿಲ ಬುಡ ನೋಡಿದರು. ಹೊಸ್ತಿಲುಗಳು ಬರಿಯ ಬಂಡೆಯ ಮೇಲೆ ಎತ್ತರದಲ್ಲಿದ್ದವು. ತಳಪಾಯದ ಕಲ್ಲುಗಳು ಹೊರಗೆ ಕಾಣುತ್ತಿದ್ದವು. ಹೊಸ್ತಿಲನ್ನು ಯಾರೂ ಗಾಳಿಯಲ್ಲಿ ಇಡುವುದಿಲ್ಲ, ಅಲ್ಲವೇ? ಹಿಂದೆ ನೆಲ ಅಲ್ಲಿಯವರೆಗೆ ಇದ್ದಿರಬೇಕು. ಹೊಸ್ತಿಲಿನಿಂದ ಬಂಡೆಯವರೆಗಿನ ಅಂತರ ನೋಡಿ, 3ರಿಂದ 6 ಅಡಿ ಮಣ್ಣು ಕೊಚ್ಚಿಹೋಗಿದೆ ಎಂದು ಅವರು ಲೆಕ್ಕ ಹಾಕಿದರು.

ಮಳೆಯೇ ಕಡಿಮೆಯಾಗಿ ಊರು ಹಾಳಾಗಿರಬಹುದಲ್ಲ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ಅವರೂ ಕೇಳಿಕೊಂಡರು. ಪಾಳುಗೋಡೆಗಳ ಸಂದಿಯಲ್ಲಿ ಅಲ್ಲಲ್ಲಿ ಮಣ್ಣು ಉಳಿದಿತ್ತು. ಅಲ್ಲಿ ಆಗಿನ ಮಳೆಯಲ್ಲೇ ದ್ರಾಕ್ಷಿ ಬೆಳೆಯುತ್ತಿತ್ತು. ಲೆಬನಾನಿನಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. ಪ್ರಾಚೀನ ಕಾಲದಲ್ಲಿ ಹಡಗಿಗೆ, ದೇಗುಲಕ್ಕೆ ಕಡಿದು ಸಾಗಿಸಿದ ಸೀಡರ್ ಮರಗಳ ಕಾಡು ಅಲ್ಲಿ ಬಹುತೇಕ ಇಲ್ಲವಾಗಿತ್ತು. ಉಳಿದ ಒಂದು ತೋಪಿಗೆ 1876ರಲ್ಲಿ ಕಲ್ಲಿನ ಗೋಡೆ ಕಟ್ಟಿ ಮೇಕೆಗಳನ್ನು ತಡೆದಿದ್ದರು. ಗೋಡೆಯ ಒಳಗೆ ಎಳೆಯ ಸಸಿಗಳು ತಾವಾಗಿ ಎದ್ದಿದ್ದವು, ಹೊರಗೆ ಬೋಳು. ಗೋಡೆಯ ಎರಡೂ ಬದಿಗೆ ಬೀಳುವ ಮಳೆ ಒಂದೇ ತಾನೇ!

ಅದೇ ಲೆಬನಾನಿನಲ್ಲಿ ಕಡಿದಾದ ಇಳಿಜಾರುಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒಡ್ಡು ಕಟ್ಟಿ, ಅಂಗೈಯಗಲದ ಮಣ್ಣನ್ನೂ ಬಿಡದೆ ಬೇಸಾಯ ಮಾಡುವ ರೈತರನ್ನು ಅವರು ಕಂಡರು. ಒಡ್ಡು ಕುಸಿದರೆ ಮಣ್ಣು ಮಳೆಗೆ ಕೊಚ್ಚಿಹೋಗಿ ಬಂಡೆ ಕಾಣುತ್ತದೆ. ನನಗೆ ಕೇಳಿದರೆ, ರಾಜರ ಕೋಟೆಗಳಿಗಿಂತ ಈ ಹೆಸರಿಲ್ಲದ ರೈತರ ಒಡ್ಡುಗಳೇ ದೊಡ್ಡ ಕಟ್ಟಡಗಳು.

ಲೌಡರ್‌ಮಿಲ್ಕ್ ಹೇಳಿದ್ದೆಲ್ಲವನ್ನೂ ಇಂದಿನ ವಿಜ್ಞಾನಿಗಳು ಒಪ್ಪುವುದಿಲ್ಲ. ಅವರು ಮೇಕೆಗಳ ಮೇಲೂ ಕುರಿಗಾಹಿಗಳ ಮೇಲೂ ಬಹಳ ತಪ್ಪು ಹೊರಿಸಿದರು. ಆದರೆ ಆ ಊರುಗಳಲ್ಲಿ ಕೆಲವು ಒಮ್ಮೆಗೇ ಬರಿದಾಗಲಿಲ್ಲ, ಏಳನೆಯ ಶತಮಾನದ ನಂತರವೂ ಜನ ಅಲ್ಲಿದ್ದರು ಎಂದು ಮುಂದಿನ ಉತ್ಖನನಗಳು ತೋರಿಸಿದವು. ಯುದ್ಧ, ನಿಂತುಹೋದ ವ್ಯಾಪಾರ ಇವೂ ಕಾರಣಗಳು. ಮಣ್ಣು ಎಷ್ಟು ಹೋಯಿತು, ಯಾವಾಗ ಹೋಯಿತು ಎಂಬ ಚರ್ಚೆ ಮುಗಿದಿಲ್ಲ. ಆದರೆ ಸುಣ್ಣಕಲ್ಲಿನ ಇಳಿಜಾರಿನಿಂದ ಹೋದ ಮಣ್ಣು ಮನುಷ್ಯರ ಆಯುಷ್ಯದ ಲೆಕ್ಕದಲ್ಲಿ ಮರಳಿ ಬರುವುದಿಲ್ಲ ಎಂಬ ಅವರ ಮಾತಿಗೆ ತಕರಾರಿಲ್ಲ.

1953ರಲ್ಲಿ ಅಮೆರಿಕದ ಕೃಷಿ ಇಲಾಖೆ ಅವರ ಪ್ರವಾಸದ ವರದಿಯನ್ನು ಸಣ್ಣ ಪುಸ್ತಕವಾಗಿ ಪ್ರಕಟಿಸಿತು. ನಿವೃತ್ತಿಯ ನಂತರವೂ ಅವರು ಬೇರೆ ಬೇರೆ ದೇಶಗಳಲ್ಲಿ ಮಣ್ಣು, ನೀರಿನ ಕೆಲಸ ಮಾಡಿ 1974ರಲ್ಲಿ ತೀರಿಕೊಂಡರು. ಸಿರಿಯಾದ ಆ ಹಳ್ಳಿಗಳು 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ಚಿತ್ರ ಎಲ್ಲಾದರೂ ಸಿಕ್ಕರೆ ಕಮಾನು, ಕಂಬಗಳನ್ನು ನೋಡಿಯಾದ ಮೇಲೆ ಬಾಗಿಲ ಬುಡವನ್ನೂ ಗಮನಿಸಿ.