ಅರ್ಥವಾಗದ ಲೆಕ್ಚರ್, ಬಿಟ್ಟುಹೋಗದ ಶಿಷ್ಯರು: ಎಮ್ಮಿ ನೋಥರ್

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮಗೆಲ್ಲ ಒಂದು ಫಾರಂ ಬರುತ್ತೆ. ಪಾಠ ಸ್ಪಷ್ಟವಾಗಿತ್ತೇ, ವೇಗ ಸರಿಯಿತ್ತೇ, ಪ್ರೊಫೆಸರ್ ತಯಾರಾಗಿ ಬರುತ್ತಿದ್ದರೇ ಅಂತ ಕೇಳುತ್ತೆ. ಊರಿನಲ್ಲಿ ಮೇಷ್ಟ್ರು ನಮಗೆ ಮಾರ್ಕ್ಸ್ ಹಾಕುತ್ತಿದ್ದರು, ಇಲ್ಲಿ ನಾವು ಅವರಿಗೆ ಹಾಕೋದು. ಜರ್ಮನಿಗೆ ಬಂದ ಹೊಸದರಲ್ಲಿ ಮುಜುಗರ ಆಗ್ತಿತ್ತು, ಈಗ ಕೈ ಪಳಗಿದೆ. ಕಳೆದ ಸೆಮಿಸ್ಟರ್‌ನಲ್ಲಿ ಗಣಿತದ ಒಂದು ಕೋರ್ಸಿನ ಫಾರಂ ಅನ್ನು ನಾವು ನಾಲ್ಕು ಜನ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೂತು ತುಂಬಿದೆವು. ಮೂವರು ಏನೂ ಅರ್ಥವಾಗಲಿಲ್ಲ ಎಂದು ಬರೆದರು. ಅರ್ಥ ಆಗಲಿಲ್ಲ ನಿಜ, ಆದರೆ ಈ ಕೋರ್ಸಿನ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದರ ಬಗ್ಗೆಯೂ ಕೆಡಿಸಿಕೊಳ್ಳಲಿಲ್ಲವಲ್ಲ, ಅದಕ್ಕೆ ಎಲ್ಲಿ ಅಂಕ ಕೊಡೋದು ಅಂತ ನಾಲ್ಕನೆಯವಳು ಕೇಳಿದಳು. ಮಾತು ಅಲ್ಲಿಂದ ಎಮ್ಮಿ ನೋಥರ್ ಕಡೆ ತಿರುಗಿತು. ಈ ಸಲದ ಸಂಚಿಕೆಗೆ ಅವರ ಬದುಕನ್ನೇ ಬರೆಯೋಣ ಅಂದುಕೊಂಡೆವು.

ಎಮ್ಮಿ ಹುಟ್ಟಿದ್ದು 1882ರ ಮಾರ್ಚ್ 23ರಂದು, ಬವೇರಿಯಾದ ಎರ್ಲಾಂಗನ್ ಊರಿನ ಒಂದು ಯಹೂದಿ ಮನೆಯಲ್ಲಿ. ತಂದೆ ಮ್ಯಾಕ್ಸ್ ನೋಥರ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್. ಎಮ್ಮಿ ಮೊದಲು ಓದಿದ್ದು ಭಾಷೆಗಳನ್ನು. 1900ರಲ್ಲಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಫ್ರೆಂಚ್, ಇಂಗ್ಲಿಷ್ ಕಲಿಸುವ ಅರ್ಹತಾ ಪರೀಕ್ಷೆ ಪಾಸು ಮಾಡಿದರು. ಆ ಕಾಲದ ಹೆಣ್ಣುಮಗಳಿಗೆ ಅದು ಮರ್ಯಾದೆಯ ಕೆಲಸ. ಅವರು ಅದನ್ನು ಬಿಟ್ಟು ಗಣಿತಕ್ಕೆ ಬಂದರು. ಆಗ ಎರ್ಲಾಂಗನ್‌ನಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಪ್ರತಿಯೊಬ್ಬ ಪ್ರೊಫೆಸರ ಬಳಿ ಹೋಗಿ ಒಪ್ಪಿಗೆ ಕೇಳಿ, ತರಗತಿಯಲ್ಲಿ ಸುಮ್ಮನೆ ಕೂತು ಪಾಠ ಕೇಳಬಹುದಿತ್ತು, ಅಷ್ಟೇ. ಸುಮಾರು ಸಾವಿರ ವಿದ್ಯಾರ್ಥಿಗಳ ನಡುವೆ ಹಾಗೆ ಕೂತವರು ಇಬ್ಬರೇ ಹೆಂಗಸರು. ನಿಯಮ ಬದಲಾದ ಮೇಲೆ 1904ರಲ್ಲಿ ಹೆಸರು ದಾಖಲಿಸಿ, 1907ರಲ್ಲಿ ಪಾಲ್ ಗೋರ್ಡನ್ ಅವರ ಬಳಿ ಡಾಕ್ಟರೇಟ್ ಮುಗಿಸಿದರು. ಆ ಪ್ರಬಂಧದಲ್ಲಿ 300ಕ್ಕೂ ಹೆಚ್ಚು ಇನ್ವೇರಿಯಂಟ್‌ಗಳನ್ನು ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದ್ದಾರೆ. ಮುಂದೆ ಅದನ್ನು ಅವರೇ ಕಸಕ್ಕೆ ಸಮ ಎಂದು ತಳ್ಳಿಹಾಕಿದರು.

1908ರಿಂದ 1915ರವರೆಗೆ ಎರ್ಲಾಂಗನ್‌ನಲ್ಲಿ ಒಂದು ಪೈಸೆ ಸಂಬಳವಿಲ್ಲದೆ ಕೆಲಸ ಮಾಡಿದರು. ತಂದೆಗೆ ಹುಷಾರಿಲ್ಲದಾಗ ಅವರ ಬದಲು ಪಾಠ ಮಾಡುತ್ತಿದ್ದರು. 1915ರಲ್ಲಿ ಡೇವಿಡ್ ಹಿಲ್ಬರ್ಟ್, ಫೆಲಿಕ್ಸ್ ಕ್ಲೈನ್ ಇಬ್ಬರೂ ಅವರನ್ನು ಗೊಟ್ಟಿಂಗನ್‌ಗೆ ಕರೆದರು. ಆಗ ಗಣಿತದ ಜಗತ್ತಿಗೆ ಗೊಟ್ಟಿಂಗನ್ನೇ ರಾಜಧಾನಿ. ಕರೆದದ್ದೇನೋ ಸರಿ, ಆದರೆ ಹೆಂಗಸಿಗೆ ಪಾಠ ಮಾಡುವ ಅಧಿಕಾರ ಕೊಡಲು ಬೇರೆ ವಿಷಯಗಳ ಪ್ರೊಫೆಸರುಗಳು ಒಪ್ಪಲಿಲ್ಲ. ಹಿಲ್ಬರ್ಟ್ ಒಂದು ಉಪಾಯ ಮಾಡಿದರು. ಸೂಚನಾ ಫಲಕದಲ್ಲಿ ಲೆಕ್ಚರ್ ಹಿಲ್ಬರ್ಟ್ ಹೆಸರಿನಲ್ಲಿ, ಜೊತೆಗೆ ಸಹಾಯಕಿ ಎಂದು ನೋಥರ್ ಹೆಸರು. ಪಾಠ ಮಾಡುತ್ತಿದ್ದವರು ಎಮ್ಮಿಯೇ. ಹೀಗೇ ನಾಲ್ಕು ವರ್ಷ ನಡೆಯಿತು. 1919ರಲ್ಲಿ ಅಧಿಕಾರ ಸಿಕ್ಕಿತು, 1922ರಲ್ಲಿ ಪ್ರೊಫೆಸರ್ ಎಂಬ ಬಿರುದು ಬಂತು, ಅದಕ್ಕೂ ಸಂಬಳ ಇರಲಿಲ್ಲ. 1923ರಲ್ಲಿ ಬೀಜಗಣಿತ ಕಲಿಸಲೆಂದು ಕೊನೆಗೂ ಸ್ವಲ್ಪ ಹಣ ಗೊತ್ತಾಯಿತು. ಆಗ ಅವರಿಗೆ 41 ವಯಸ್ಸು.

ಸಂಬಳವಿಲ್ಲದ ಆ ವರ್ಷಗಳಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ. ನಮ್ಮಲ್ಲಿ ಫಿಸಿಕ್ಸ್ ಓದುವವರಿಗೆ 1918ರ ನೋಥರ್ ಪ್ರಮೇಯ ಗೊತ್ತೇ ಇದೆ. ನಿಸರ್ಗದ ನಿಯಮ ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಇದ್ದರೆ ಶಕ್ತಿ ಉಳಿಯುತ್ತದೆ. ಇಲ್ಲಿರುವ ನಿಯಮವೇ ಅಲ್ಲಿಯೂ ಇದ್ದರೆ ಸಂವೇಗ ಉಳಿಯುತ್ತದೆ. ಶಾಲೆಯಲ್ಲಿ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದ ನಿಯಮಗಳ ಹಿಂದೆ ಒಂದೇ ಕಾರಣ ಇದೆ ಎಂದು ತೋರಿಸಿದವರು ಇವರು. 1921ರ ಪ್ರಬಂಧದಿಂದ ಆಧುನಿಕ ಬೀಜಗಣಿತದ ದಾರಿಯೇ ಬದಲಾಯಿತು. ಒಂದರೊಳಗೊಂದು ಸೇರುತ್ತ ದೊಡ್ಡದಾಗುವ ಐಡಿಯಲ್‌ಗಳ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಎಂಬ ಒಂದೇ ಷರತ್ತಿನಿಂದ ಅವರು ಎಷ್ಟೋ ಫಲಿತಾಂಶಗಳನ್ನು ಹೊರತೆಗೆದರು. ಅಂಥ ರಿಂಗ್‌ಗಳಿಗೆ ಇವತ್ತೂ ಅವರದೇ ಹೆಸರು.

ಸರಿ, ಪಾಠ ಹೇಗಿತ್ತು? ಫಾರಂ ಲೆಕ್ಕದಲ್ಲಿ ಹೇಳೋದಾದರೆ, ಕೆಟ್ಟದಾಗಿತ್ತು. ಅಚ್ಚುಕಟ್ಟಾದ ನೋಟ್ಸ್ ಇಲ್ಲ. ಮಾತು ಬಲು ವೇಗ. ಒಂದು ವಾಕ್ಯ ಮುಗಿಯುವ ಮೊದಲೇ ಅದನ್ನು ತಿದ್ದುವ ಇನ್ನೊಂದು ವಾಕ್ಯ. ಅವರ ಶಿಷ್ಯವರ್ಗದಲ್ಲೇ ಬೆಳೆದ ವ್ಯಾನ್ ಡರ್ ವಾರ್ಡನ್ ಕೂಡ, ವಿವರಿಸಲು ಅವರು ಪಟ್ಟ ಅವಸರ ವಿಷಯವನ್ನು ಇನ್ನಷ್ಟು ಕಗ್ಗಂಟು ಮಾಡುತ್ತಿತ್ತು ಎಂದು ಅವರು ತೀರಿಕೊಂಡ ಮೇಲೆ ಮುಚ್ಚುಮರೆಯಿಲ್ಲದೆ ಬರೆದರು. ಹೊಸಬರು ಬಂದು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಎದ್ದುಹೋಗುವುದು ಇತ್ತಂತೆ. ಹಾಗೆ ಎದ್ದುಹೋದವರನ್ನು ನೋಡಿ ಮುಂದೆ ಕೂತ ಕಾಯಂ ಶಿಷ್ಯರು, ಶತ್ರು ಸೋತು ಓಡಿದ ಎಂದು ತಮಾಷೆ ಮಾಡುತ್ತಿದ್ದರಂತೆ.

ಆದರೆ ಆ ಮುಂದಿನ ಬೆಂಚಿನವರು ಏಳುತ್ತಿರಲಿಲ್ಲ. ನೋಥರ್ ಹುಡುಗರು ಎಂದೇ ಅವರಿಗೆ ಹೆಸರು ಬಿದ್ದಿತ್ತು. ಆ ಗುಂಪಿನಲ್ಲಿ ಹುಡುಗಿಯರೂ ಇದ್ದರು. ಗೊಟ್ಟಿಂಗನ್‌ನಲ್ಲಿ ಎಮ್ಮಿಯವರ ಬಳಿ ಮೊದಲು ಡಾಕ್ಟರೇಟ್ ಮುಗಿಸಿದ್ದೇ ಗ್ರೇಟೆ ಹರ್ಮನ್ ಎಂಬ ಹೆಣ್ಣುಮಗಳು, 1925ರಲ್ಲಿ. ಇವರೆಲ್ಲ ಯಾಕೆ ಉಳಿದರು? ಎಮ್ಮಿ ಮನೆಯಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಬೋರ್ಡಿಗೆ ಇಳಿಸುತ್ತಿರಲಿಲ್ಲ, ಇನ್ನೂ ಬಿಡಿಸದಿದ್ದುದನ್ನು ಅಲ್ಲೇ, ಅವರ ಎದುರಿಗೇ ಯೋಚಿಸುತ್ತಿದ್ದರು. ಶಿಷ್ಯರು ನಡುವೆ ಬಾಯಿ ಹಾಕಬಹುದಿತ್ತು, ತಪ್ಪು ಹಿಡಿಯಬಹುದಿತ್ತು. ಒಂದು ರಜಾದಿನ ಕಟ್ಟಡಕ್ಕೆ ಬೀಗ ಹಾಕಿದ್ದಾಗ ಎಲ್ಲರನ್ನೂ ಮೆಟ್ಟಿಲ ಮೇಲೆ ಸೇರಿಸಿ, ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಕಾಫಿ ಅಂಗಡಿಯಲ್ಲಿ ಪಾಠ ಮಾಡಿದರಂತೆ. ಯೋಚನೆ ಹಂಚುವಾಗ ಇದು ನನ್ನದು ಎಂಬ ಲೆಕ್ಕ ಇಡುತ್ತಿರಲಿಲ್ಲ. ಅವರು ಬಾಯಿಮಾತಿನಲ್ಲಿ ಕೊಟ್ಟ ಎಳೆ ಎಷ್ಟೋ ಶಿಷ್ಯರ ಪ್ರಬಂಧಗಳಾಯಿತು. 1930-31ರಲ್ಲಿ ವ್ಯಾನ್ ಡರ್ ವಾರ್ಡನ್ ಬರೆದ ಬೀಜಗಣಿತದ ಪ್ರಸಿದ್ಧ ಪುಸ್ತಕಕ್ಕೆ ಎಮಿಲ್ ಆರ್ಟಿನ್ ಅವರ ಪಾಠಗಳ ಜೊತೆ ಆಧಾರವಾದದ್ದು ಇದೇ ಕಗ್ಗಂಟಿನ ಪಾಠಗಳು. ಅರ್ಥವಾಗಲ್ಲ ಎಂದು ಎದ್ದುಹೋದವರ ಮಕ್ಕಳೂ ಮೊಮ್ಮಕ್ಕಳೂ ಆ ಪುಸ್ತಕದಿಂದಲೇ ಅದನ್ನು ಕಲಿತಿರಬೇಕು!

1932ರಲ್ಲಿ ಜ್ಯೂರಿಕ್‌ನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಇಡೀ ಸಭೆಗೆ ಉಪನ್ಯಾಸ ಕೊಟ್ಟ ಮೊದಲ ಮಹಿಳೆ ಎಮ್ಮಿ. ಮರುವರ್ಷದ ಏಪ್ರಿಲ್‌ನಲ್ಲಿ, ನಾಜಿಗಳು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ಯಹೂದಿ ಎಂಬ ಕಾರಣಕ್ಕೆ ಪಾಠ ಮಾಡದಂತೆ ಅವರನ್ನು ತಡೆದರು. ಶಿಷ್ಯರ ಅಭಿಪ್ರಾಯ ಅನ್ನೋದು ಎಷ್ಟು ತೂಕದ್ದು ಅಂತ ನಮಗೆ ಮನವರಿಕೆ ಆದದ್ದು ಈ ವರ್ಷದ ಕಥೆ ಓದಿದಾಗ.

ಅದೇ ಗೊಟ್ಟಿಂಗನ್‌ನಲ್ಲಿ ಎಡ್ಮಂಡ್ ಲಂಡಾವ್ ಎಂಬ ಇನ್ನೊಬ್ಬ ಯಹೂದಿ ಪ್ರೊಫೆಸರ್ ಇದ್ದರು. ಅವರ ಪಾಠ ಎಮ್ಮಿಯವರದಕ್ಕೆ ತದ್ವಿರುದ್ಧ. ವ್ಯಾಖ್ಯೆ, ಪ್ರಮೇಯ, ಸಾಧನೆ, ಎಲ್ಲ ಗೆರೆ ಎಳೆದಂತೆ. ಫಾರಂನಲ್ಲಿ ತಯಾರಿಗೆ ಪೂರ್ತಿ ಅಂಕ ಸಿಗುತ್ತಿತ್ತು. 1933ರ ನವೆಂಬರ್ 2ರಂದು ವಿದ್ಯಾರ್ಥಿಗಳೇ ಬಾಗಿಲಲ್ಲಿ ನಿಂತು ಅವರ ತರಗತಿಗೆ ಬಹಿಷ್ಕಾರ ಹಾಕಿದರು. ಮುಂದೆ ನಿಂತವನು ಟೈಶ್‌ಮುಲ್ಲರ್, ಸ್ವತಃ ಅಸಾಧಾರಣ ಗಣಿತಪ್ರತಿಭೆ. ಪಾಠದ ಬಗ್ಗೆ ಅವರ ದೂರು ಏನೂ ಇರಲಿಲ್ಲ, ಪಾಠ ಮಾಡುವವರ ಹುಟ್ಟಿನ ಬಗ್ಗೆ ಇತ್ತು. ಲಂಡಾವ್ ಮತ್ತೆ ಅಲ್ಲಿ ಪಾಠ ಮಾಡಲಿಲ್ಲ.

ಎಮ್ಮಿಯವರ ವಿಷಯದಲ್ಲಿ ವಿದ್ಯಾರ್ಥಿಗಳು ಇನ್ನೊಂದು ಕೆಲಸ ಮಾಡಿದರು. ಅವರನ್ನು ಉಳಿಸಿಕೊಳ್ಳಬೇಕು ಎಂದು ಹನ್ನೆರಡು ಜನ ಮನವಿಗೆ ಸಹಿ ಹಾಕಿದರು. ಆ ಹೊತ್ತಿನಲ್ಲಿ ಒಬ್ಬ ಯಹೂದಿ ಅಧ್ಯಾಪಕಿಯ ಪರ ಹೆಸರು ಬರೆದು ಕೊಡುವುದು ಸುಲಭದ ಮಾತಲ್ಲ. ಸಹಿ ಹಾಕಿದವರಲ್ಲಿ ಜರ್ಮನಿಯವರ ಜೊತೆಗೆ ಇಂಗ್ಲೆಂಡಿನಿಂದ, ಚೀನಾದಿಂದ ಓದಲು ಬಂದವರೂ ಇದ್ದರು. ನಮ್ಮ ಹಾಗೆ ಹೊರಗಿನಿಂದ ಬಂದವರು, ನಮಗ್ಯಾಕೆ ಊರ ಉಸಾಬರಿ ಅನ್ನಬಹುದಿತ್ತು. ಅನ್ನಲಿಲ್ಲ. ಹೆಲ್ಮುಟ್ ಹಾಸ್ಸೆ ಕೂಡ ಬೇರೆ ಬೇರೆ ದೇಶದ ಗಣಿತಜ್ಞರಿಂದ ಪತ್ರಗಳನ್ನು ಬರೆಸಿ ಕಳಿಸಿದರು. ಯಾವುದೂ ಫಲ ಕೊಡಲಿಲ್ಲ. ಅಷ್ಟರಲ್ಲಿ ಎಮ್ಮಿ ತಮ್ಮ ಮನೆಯಲ್ಲೇ ಪಾಠ ಶುರು ಮಾಡಿದ್ದರು. ಒಬ್ಬ ಶಿಷ್ಯ ನಾಜಿ ಪಡೆಯ ಸಮವಸ್ತ್ರದಲ್ಲೇ ಬಂದು ಕೂತಾಗಲೂ ಪಾಠ ನಿಲ್ಲಿಸಲಿಲ್ಲವಂತೆ.

1933ರ ಕೊನೆಯಲ್ಲಿ ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ಹೋದರು. ಐವತ್ತು ದಾಟಿದ ಮೇಲೆ ಹೊಸ ದೇಶ, ಹೊಸ ಭಾಷೆಯಲ್ಲಿ ಪಾಠ. ಅದರ ಕಷ್ಟ ನಮಗೆ ಗೊತ್ತು. ಮಾತಿನ ಭರದಲ್ಲಿ ಇಂಗ್ಲಿಷ್ ಬಿಟ್ಟು ಜರ್ಮನ್‌ಗೆ ಜಾರುತ್ತಿದ್ದರು. ಹುಡುಗಿಯರ ಜೊತೆ ನಡೆಯಲು ಹೊರಟರೆ ಗಣಿತದ ಮಾತಿನಲ್ಲಿ ರಸ್ತೆಯ ವಾಹನಗಳನ್ನೇ ಮರೆಯುತ್ತಿದ್ದರು, ಅವರೇ ಇವರನ್ನು ಜೋಪಾನವಾಗಿ ದಾಟಿಸಬೇಕಿತ್ತು. ಅಲ್ಲಿಯೂ ಒಂದು ಸಣ್ಣ ಗುಂಪು ಅವರಿಗೆ ಅಂಟಿಕೊಂಡಿತು. ಆದರೆ ಕಾಲ ಒಂದೂವರೆ ವರ್ಷವೇ ಇತ್ತು. ಗೆಡ್ಡೆಯ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿ, 1935ರ ಏಪ್ರಿಲ್ 14ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಇರುವುದು ಆ ಕಾಲೇಜಿನ ಗ್ರಂಥಾಲಯದ ಅಂಗಳದಲ್ಲಿ, ವಿದ್ಯಾರ್ಥಿಗಳು ಓಡಾಡುವ ಹಾದಿಯ ಕೆಳಗೆ.

ಹಾಗಂತ ಅರ್ಥವಾಗದ ಹಾಗೆ ಪಾಠ ಮಾಡುವವರೆಲ್ಲ ಎಮ್ಮಿ ನೋಥರ್ ಅಲ್ಲ ಬಿಡಿ. ತಯಾರಿಲ್ಲದೆ ಬರುವವರ ಬಗ್ಗೆ ನಾವು ಬರೆಯಲೇಬೇಕು, ಮುಂದೆ ಬರುವ ತಮ್ಮ ತಂಗಿಯರಿಗಾದರೂ ಅನುಕೂಲವಾಗಲಿ. ಆದರೆ ಆ ರಾತ್ರಿ ಕಳಿಸು ಎಂಬ ಗುಂಡಿ ಒತ್ತುವ ಮೊದಲು ನಾವು ಫಾರಂ ಅನ್ನು ಇನ್ನೊಮ್ಮೆ ನೋಡಿದೆವು. ಸ್ಪಷ್ಟತೆಗೆ ಕೊಟ್ಟ ಅಂಕ ಬದಲಾಯಿಸಲಿಲ್ಲ, ಅದು ನಿಜವೇ ಆಗಿತ್ತು. ಕೊನೆಯಲ್ಲಿ ಯಾವಾಗಲೂ ಖಾಲಿ ಬಿಡುತ್ತಿದ್ದ ಜಾಗದಲ್ಲಿ ಮಾತ್ರ ನಾಲ್ವರೂ ಸೇರಿ, ಈ ಕೋರ್ಸಿನ ಲೆಕ್ಕಗಳ ಮೇಲೆ ನಾವು ಊಟ ಆರುವ ತನಕ ಜಗಳ ಆಡಿದ್ದೇವೆ, ಮುಂದಿನ ಭಾಗಕ್ಕೂ ಬರುತ್ತೇವೆ ಎಂದು ಬರೆದೆವು.