ಉತ್ತ ಹೊಲದಲ್ಲಿ ಒಂದು ಬುಟ್ಟಿ ಮೊಟ್ಟೆ

ಮೋಟಾರು ಗಾಡಿಯನ್ನು ವೇಗದಿಂದ ಅಳೆಯುವುದು ಲೋಕರೂಢಿ. ಅದನ್ನು ಒಂದು ಬುಟ್ಟಿ ಮೊಟ್ಟೆಯಿಂದ ಅಳೆಯಹೊರಟವರು ಫ್ರಾನ್ಸಿನ ಪಿಯೇರ್-ಜೂಲ್ ಬೂಲಾಂಜೆ.

1885ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಜನಿಸಿದ ಬೂಲಾಂಜೆಯವರು ಅಭ್ಯಾಸ ಮಾಡಿದ್ದು ಯಂತ್ರಶಾಸ್ತ್ರವನ್ನಲ್ಲ, ಲಲಿತಕಲೆಯನ್ನು. ಯೌವನದಲ್ಲಿ ಅಮೆರಿಕ ಖಂಡಕ್ಕೆ ಹೋಗಿ ಕಟ್ಟಡಗಳ ಕೆಲಸದಿಂದ ಜೀವನ ಸಾಗಿಸಿದರು. ಮೊದಲ ಮಹಾಯುದ್ಧ ಮುಗಿದ ಬಳಿಕ, ಟೈರುಗಳಿಗೆ ಹೆಸರಾದ ಮಿಷೆಲಿನ್ ಸಂಸ್ಥೆಯನ್ನು ಸೇರಿದರು. ದಿವಾಳಿಯಾಗಿದ್ದ ಸಿಟ್ರೊಯೆನ್ ಕಾರ್ಖಾನೆಯು 1930ರ ದಶಕದ ನಡುವೆ ಮಿಷೆಲಿನ್ ಕೈಸೇರಿತು. ಅದನ್ನು ನೋಡಿಕೊಳ್ಳಲು ಬಂದ ಬೂಲಾಂಜೆ 1938ರ ವೇಳೆಗೆ ಅದರ ಮುಖ್ಯಸ್ಥರೇ ಆದರು.

ಆಗಿನ ಫ್ರಾನ್ಸಿನ ರೈತನಿಗೆ ಕುದುರೆಗಾಡಿಯೇ ಗತಿ. ಅವನಿಗೊಂದು ಮೋಟಾರು ಬೇಕೆಂದು ಬೂಲಾಂಜೆ ಬಯಸಿದರು. ಇಬ್ಬರು ರೈತರು ಮತ್ತು 50 ಕಿಲೋ ಆಲೂಗೆಡ್ಡೆಯ ಹೊರೆ. ಗಂಟೆಗೆ 60 ಕಿಲೋಮೀಟರ್ ವೇಗ. 100 ಕಿಲೋಮೀಟರಿಗೆ 3 ಲೀಟರ್ ಪೆಟ್ರೋಲು. ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಉತ್ತ ಹೊಲವನ್ನು ದಾಟಿ ಬಂದರೂ ಗಾಡಿಯೊಳಗಿನ ಮೊಟ್ಟೆ ಒಡೆಯಕೂಡದೆಂದು ವಿಧಿಸಿದರು. ನೋಡುವವರಿಗೆ ಇದು ವಿನೋದವೆನಿಸಬಹುದು. ಸಂತೆಗೆ ಮೊಟ್ಟೆ ಒಯ್ಯುವ ರೈತ ಸ್ತ್ರೀಗೆ ಅದು ವಿನೋದವೆ?

ಕಾಗದದ ಮೇಲಿನ ಲೆಕ್ಕ ಇದಕ್ಕೆ ಸಾಲದು. ಪ್ಯಾರಿಸಿನ ಪಶ್ಚಿಮಕ್ಕಿರುವ ಲಾ ಫೆರ್ತೆ-ವಿದಾಮ್‌ನಲ್ಲಿ, ಎತ್ತರದ ಗೋಡೆಯೊಳಗಿನ ವಿಶಾಲ ಜಮೀನೊಂದು ಪರೀಕ್ಷಾಭೂಮಿಯಾಯಿತು. ಎಂಜಿನಿಯರ್ ಆಂದ್ರೆ ಲೆಫೆವ್ರ್ ಮತ್ತು ಅವರ ಸಂಗಡಿಗರು ಮಾದರಿಯ ಮೇಲೆ ಮಾದರಿಯನ್ನು ಕಟ್ಟಿ, ಓಡಿಸಿ, ದೋಷ ಕಂಡು, ತಿದ್ದಿದರು. ಬೂಲಾಂಜೆ ತಾವೇ ತಲೆಗೆ ಟೋಪಿ ಧರಿಸಿ ಒಳಗೆ ಕುಳಿತು ನೋಡುತ್ತಿದ್ದರು. ಟೋಪಿ ಚಾವಣಿಗೆ ತಗುಲಿದರೆ ಆ ಮಾದರಿ ನಪಾಸು.

1939ರ ಅಕ್ಟೋಬರಿನ ಪ್ಯಾರಿಸ್ ಪ್ರದರ್ಶನಕ್ಕಾಗಿ ಸುಮಾರು 250 ಗಾಡಿಗಳು ಸಿದ್ಧವಾಗುತ್ತಿದ್ದಾಗಲೇ ಯುದ್ಧ ಬಂದೆರಗಿತು. ಜರ್ಮನರ ಕೈಗೆ ರಹಸ್ಯ ಸಿಕ್ಕದಂತೆ ಬಹುಪಾಲು ಗಾಡಿಗಳನ್ನು ನಾಶಮಾಡಲಾಯಿತು, ಕೆಲವನ್ನು ಬಚ್ಚಿಡಲಾಯಿತು. ಅವುಗಳಲ್ಲಿ ಮೂರು, 1990ರ ದಶಕದಲ್ಲಿ ಅದೇ ಜಮೀನಿನ ಕಣಜದ ಅಟ್ಟದಲ್ಲಿ ದೊರೆತವು.

ಗಾಡಿಗಳು ಹೋದವು, ಮೊಟ್ಟೆಯ ಅಳತೆ ಮಾತ್ರ ಸಡಿಲಲಿಲ್ಲ. ಹಿಂದಿನ ಮಾದರಿಗಳಲ್ಲಿ ತಿರುಚಿಕೊಳ್ಳುವ ಉಕ್ಕಿನ ಸಲಾಕೆಗಳು ಹೊರೆಯನ್ನು ಹೊರುತ್ತಿದ್ದವು. ಅವನ್ನು ಕೈಬಿಟ್ಟು, ಗಾಡಿಯ ಎರಡು ಪಕ್ಕಗಳಲ್ಲೂ ಉದ್ದುದ್ದನೆಯ ಕೊಳವೆಗಳೊಳಗೆ ಸುರುಳಿ ಸ್ಪ್ರಿಂಗುಗಳನ್ನು ಅಡ್ಡ ಮಲಗಿಸಿ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಸಂಬಂಧ ಕಲ್ಪಿಸಿದರು. ಮುಂದಿನ ಗಾಲಿ ದಿಬ್ಬವೇರಿದರೆ ಆ ಒತ್ತಡದ ಒಂದು ಪಾಲು ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಗಾಡಿ ಮೂತಿಯೆತ್ತದೆ ಸಮವಾಗಿ ಏಳುತ್ತದೆ. ಗಾಲಿಯ ಕುಣಿತವನ್ನು ತಣಿಸಲು ಅದರ ಪಕ್ಕದಲ್ಲೇ, ಸ್ಪ್ರಿಂಗಿನ ಮೇಲೆ ಕುಳಿತ ಒಂದು ತೂಕವನ್ನು ಚಿಕ್ಕ ಕೊಳವೆಯಲ್ಲಿಟ್ಟರು. ಗಾಲಿ ಜಿಗಿದಾಗ ತೂಕವು ಹಿಂದುಳಿದು ಆ ಜಿಗಿತವನ್ನು ತಡೆಯುತ್ತದೆ.

1948ರ ಅಕ್ಟೋಬರಿನಲ್ಲಿ ‘ದ್ಯೂ ಷವೊ’ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಕೇವಲ 375 ಸಿ.ಸಿ. ಎಂಜಿನು, ತಗಡಿನ ಮೈ, ಬಟ್ಟೆಯ ಚಾವಣಿ. ಪತ್ರಿಕೆಗಳು ನಕ್ಕವು, ಕೊಳ್ಳುವವರು ಮಾತ್ರ ವರ್ಷಗಟ್ಟಲೆ ಸರದಿ ಕಾದರು.

ಆ ಸರದಿ ಕರಗುವುದನ್ನು ಬೂಲಾಂಜೆ ನೋಡಲಿಲ್ಲ. 1950ರ ನವೆಂಬರಿನಲ್ಲಿ, ಕ್ಲೆರ್ಮೋ-ಫೆರಾಂ ಮತ್ತು ಪ್ಯಾರಿಸಿನ ನಡುವಣ ರಸ್ತೆಯಲ್ಲಿ ತಮ್ಮ ಸಂಸ್ಥೆಯದೇ ಕಾರನ್ನು ನಡೆಸುತ್ತಿದ್ದಾಗ ಅಪಘಾತಕ್ಕೀಡಾಗಿ ತೀರಿಕೊಂಡರು. ರೈತನಿಗಾಗಿ ಅವರು ಬಯಸಿದ ಗಾಡಿಯ ತಯಾರಿಕೆ ನಿಂತದ್ದು ಅವರು ಹೋದ ನಲವತ್ತು ವರ್ಷಗಳ ಮೇಲೆ, 1990ರಲ್ಲಿ.